ಈಜುಕೊಳದ ಆಸಿಡ್ ಪ್ರಕರಣ

ಹನ್ನೆರಡನೇ ತಾರೀಕು ಬೆಳಿಗ್ಗೆ 8.40ಕ್ಕೆ ಒಬ್ಬ ತಂದೆ ಠಾಣೆಗೆ ನುಗ್ಗಿದ. ಈಜುಕೊಳಕ್ಕೆ ಧುಮುಕಿದ ಅವನ ಒಂಬತ್ತು ವರ್ಷದ ಮಗಳು ಕಣ್ಣುರಿಯೆಂದು ಚೀರುತ್ತ ಮೇಲೆ ಬಂದಿದ್ದಳು. ಎಡಗಣ್ಣು ಉಳಿಯುವುದು ಅನುಮಾನವೆಂದು ವೈದ್ಯರು ಹೇಳಿದ್ದರು. ಯಾರೋ ಹೊಟ್ಟೆಕಿಚ್ಚಿಗೆ ನೀರಿಗೆ ಆಸಿಡ್ ಸುರಿದಿದ್ದಾರೆಂದು ದೂರು. ಎಫ್‌ಐಆರ್ ದಾಖಲಾಯಿತು.

10.15ಕ್ಕೆ ಇನ್‌ಸ್ಪೆಕ್ಟರ್ ಪಂಚನಾಮೆ ಮುಗಿಸಿದರು. ನೀರಿನ ಪಿಎಚ್ 7.4ರ ಆಸುಪಾಸಿನಲ್ಲಿರಬೇಕು; ಮೀಟರು 3.1 ತೋರಿಸಿತು. ತಿಂಗಳಿಗೊಂದು ಕ್ಯಾನ್ ಆಸಿಡ್ ಸಾಕಾಗುವ ಕಡೆ ಹತ್ತು ದಿನಕ್ಕೆ ಒಂಬತ್ತು ಖಾಲಿಯಾಗಿದ್ದವು. ಉಗ್ರಾಣದ ಬೀಗದಕೈ ಇದ್ದದ್ದು ಮಕ್ಕಳು ನೀರುಮಾಮ ಎಂದು ಕರೆಯುವ ಮೇಲ್ವಿಚಾರಕನ ಬಳಿ ಮಾತ್ರ. ಹದಿನಾರು ವರ್ಷದಲ್ಲಿ ಅವನ ಮೇಲೆ ಒಂದು ಮಾತೂ ಬಂದಿರಲಿಲ್ಲ.

"ಇಷ್ಟೊಂದು ಯಾಕೆ ಸುರಿದ್ರಿ?"

"ಪಿಎಚ್ ಜಾಸ್ತಿ ಇತ್ತು ಸಾರ್. ಇಳಿಸೋಕೆ."

"ಇವತ್ತು ಎಲ್ಲಿ ಸುರಿದ್ರಿ?"

"ಆ ಮೂಲೇಲಿ. ಮಗು ಅಲ್ಲೇ ಧುಮುಕ್ತು."

ದಿನದ ಪಿಎಚ್ ಬರೆದಿಡುವ ರಿಜಿಸ್ಟರಿನಲ್ಲಿ ಎರಡನೇ ತಾರೀಕಿನವರೆಗೆ ದುಂಡನೆಯ ಬರಹದ ಅಂಕಿಗಳು, ಅಲ್ಲೇ ಟಿಕೆಟ್ ಕೊಡುವ ಅವನ ಹೆಂಡತಿಯವು. ಕೊನೆಯದು 8.2. ಅವಳು ಮಗಳ ಬಾಣಂತನಕ್ಕೆ ಹೋದ ಮೇಲೆ ಇವನ ಕಾಗೆಕಾಲು ಬರಹ: 8.2, 8.2, 8.2.

ಇನ್‌ಸ್ಪೆಕ್ಟರ್ ಗಾಜಿನ ನಳಿಕೆಗೆ ಕೊಳದ ನೀರು ತುಂಬಿ ಪಿಎಚ್ ಪರೀಕ್ಷೆಯ ದ್ರಾವಣದ ಐದು ಹನಿ ಹಾಕಿದರು. ಆಮ್ಲಕ್ಕೆ ಹಳದಿ, ಕ್ಷಾರಕ್ಕೆ ಕೆಂಪು ಎಂದು ಡಬ್ಬಿಯ ಮೇಲೇ ಬರೆದಿತ್ತು. ನೀರು ಅಪ್ಪಟ ಹಳದಿಯಾಯಿತು.

"ಯಾವ ಬಣ್ಣ?"

ನೀರುಮಾಮ ನಳಿಕೆಯ ಬದಲು ಅವರ ಮುಖ ನೋಡಿದ. "ಕೆಂಪು... ಅಲ್ವಾ ಸಾರ್?"

ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರ್ ಅವನನ್ನು ಕಣ್ಣಲ್ಲೇ ಗದರಿದರು. ಐವತ್ತು ದಾಟಿದವನ ಮಾನ ನಾಲ್ಕು ಜನರೆದುರು ಕಳೆದೆನಲ್ಲ ಎಂದು ಅವರಿಗೂ ನಾಚಿಕೆಯಾಯಿತು.

ಮಾರನೆಯ ದಿನ ಸಂಜೆ 4.30ಕ್ಕೆ ಬಂಧನ.

"ಬಣ್ಣ ತಿಳಿಯಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತಲ್ರೀ."

"ಹೇಗೆ ಹೇಳ್ಲಿ ಸಾರ್? ಕನ್ನಡಕ ಮರೆತೆ, ಕೈ ಒದ್ದೆ ಅಂತ ದಿನಾ ಹೆಂಡತಿ ಕೈಲೇ ನೋಡಿಸ್ತಿದ್ದೆ. ಹೋಗೋ ದಿನ ಕೆಂಪಿದೆ ಅಂದ್ಲು. ಆಮೇಲೂ ನಂಗೆ ಹಾಗೇ ಕಾಣ್ತಿತ್ತು." ಅವನು ಕೈ ಮುಗಿದ. "ಬೇಕಂತಲೇ ಸುರಿದೆ ಅಂತ ಬರ್ಕೊಳ್ಳಿ. ಇದೊಂದು ಬರೀಬೇಡಿ. ಅವಳಿಗೆ ಗೊತ್ತಾಗತ್ತೆ."

ಇನ್‌ಸ್ಪೆಕ್ಟರ್ ಇದ್ದದ್ದನ್ನೇ ಬರೆದರು. ನಿಯಮದಂತೆ ಹೆಂಡತಿಗೆ ಫೋನ್ ಮಾಡಿ ಎಲ್ಲ ತಿಳಿಸಿದರು.

"ನಂಗೆ ಮೊದ್ಲಿಂದ್ಲೂ ಗೊತ್ತು ಸಾರ್," ಎಂದಳು ಅವಳು. "ನೊಂದ್ಕೋತಾರೆ ಅಂತ ಬಾಯಿಬಿಡ್ಲಿಲ್ಲ. ಹತ್ತು ದಿನ ಹೇಗೋ ಸಂಭಾಳಿಸ್ತಾರೆ ಅಂದ್ಕೊಂಡು ಬಂದ್ಬಿಟ್ಟೆ." ಆಮೇಲೆ ದನಿ ಇಳಿಸಿ ಕೇಳಿದಳು. "ಆ ಮಗು ಕಣ್ಣು?"

ಆಸ್ಪತ್ರೆಯ ವರದಿ ಮೇಜಿನ ಮೇಲಿತ್ತು. ಎಡಗಣ್ಣಿಗೆ ಇನ್ನು ಏನೂ ಕಾಣುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಓದಿ ಹೇಳಿದರು.