ಎಡಗೈಯ ಗುಬ್ಬಿ

ಮದುವೆಯಾದ ವರ್ಷವೇ ಇವರ ಮೊದಲ ಮಕ್ಕಳ ಪುಸ್ತಕ ಬಂತು. ಕಥೆ ಯಾರದೋ, ಚಿತ್ರ ಇವರದು. ಮುಖಪುಟದಲ್ಲಿ ಎರಡು ಜಡೆಯ ಹುಡುಗಿ ಗುಬ್ಬಿ, ಪಕ್ಕದಲ್ಲಿ ಹರಿದ ಕಿವಿಯ ಮುಧೋಳ ನಾಯಿ.

"ಈಕಿ ಯಾರು ಗೊತ್ತೇನು? ನೀನ. ಕಣ್ಣು ಮುಚ್ಚಿ ತಗದೇನಿ," ಅಂದರು.

"ಗುಬ್ಬಿ ಎಡಗೈಲೆ ಬರೀಲಿಕ್ಕತ್ತಾಳಲ್ಲ? ನಾ ಎಡಚಿ ಅಲ್ಲರಿ."

"ದಿನಾ ಕನ್ನಡಿಯೊಳಗ ನಿನ್ನ ಕದ್ದು ನೋಡ್ತೀನಲ್ಲ, ಎಡಬಲ ತಿರುಗಿ ಹಂಗ ನೆನಪಿರ್ತದ," ಎಂದು ಓರೆಗಣ್ಣಲ್ಲಿ ನಕ್ಕರು. ಆ ಒಂದು ನೋಟದ ಮೇಲೆ ನಾನು ಇಡೀ ಸಂಸಾರ ಮಾಡಿದೆ.

ಗುಬ್ಬಿಯ ಪುಸ್ತಕಗಳು ಬರುತ್ತಲೇ ಹೋದವು. ಅವನ್ನು ಓದಿ ಬೆಳೆದವರು ಈಗ ತಮ್ಮ ಮಕ್ಕಳಿಗೂ ಅವನ್ನೇ ಕೊಡಿಸುತ್ತಾರೆ. ಜಮಖಂಡಿಯ ನಮ್ಮ ಶಾಲೆಯಲ್ಲಿ ಸುಹಾಸಿನಿ ಎಂದರೆ ಯಾರಿಗೂ ತಿಳಿಯದು. ನಾನು ಗುಬ್ಬಿ ಟೀಚರ್. ಉಬ್ಬಿಸಿದರೆ ಉಬ್ಬುವ ಹೆಂಗಸು, ಉಬ್ಬಿದೆ.

ಹೋದ ಭಾನುವಾರ ಬನಹಟ್ಟಿಯಲ್ಲಿ ಇವರಿಗೆ ಸನ್ಮಾನ. ಮುಗಿದ ಮೇಲೆ ಪುಟ್ಟ ಹುಡುಗಿಯೊಬ್ಬಳು ಪುಸ್ತಕ ಹಿಡಿದು ನನ್ನ ಮುಂದೆ ನಿಂತಳು. "ಗುಬ್ಬಿ ಸಹಿ ಹಾಕ್ರಿ."

ಪೆನ್ನು ತೆಗೆದೆ. ಅಷ್ಟರಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಬಗ್ಗಿ ಮುಖಪುಟ ನೋಡಿದರು.

"ಅಯ್ಯ, ಇದು ನಮ್ಮನಿ ನಾಯಿ. ಜಗಳಾಡಿ ಕಿವಿ ಹರಕೊಂಡು ಬಂದಿತ್ತು. " ಇವರ ಕಡೆ ತಿರುಗಿದರು. "ವ್ಯಾಸ, ಇನ್ನೂ ನೆನಪಿಟ್ಟೀಯೇನೋ?"

ಮುಧೋಳದಲ್ಲಿ ಇವರ ಜೊತೆ ಓದಿದ ಹರ್ಷದಾ ಅಂತೆ. ಫೋನ್ ನಂಬರನ್ನು ಆಮಂತ್ರಣ ಪತ್ರಿಕೆಯ ಹಿಂದೆ ಬರೆದುಕೊಟ್ಟರು. ಎಡಗೈಯಲ್ಲಿ.

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು.

ಪುಸ್ತಕವನ್ನು ಹರ್ಷದಾ ಕೈಗೆ ಕೊಟ್ಟೆ. "ಸಹಿ ನೀವ ಹಾಕ್ರಿ. ಗುಬ್ಬಿ ನೀವ." ಆಕೆಗೆ ಏನೂ ಗೊತ್ತಿರಲಿಲ್ಲ, ಪಾಪ. ನಗುತ್ತ ಹಾಕಿದರು.

ಇವರು ನನ್ನನ್ನು ಸಭಾಂಗಣದ ಮೂಲೆಗೆ ಕರೆದೊಯ್ದರು. "ಸುಹಾಸಿ, ಅದು ಸಣ್ಣಾವಿದ್ದಾಗಿನ ನೆನಪು. ನಾ ಪ್ರೀತಿ ಮಾಡಿದ್ದು ನಿನ್ನ, ಖರೆ."

"ಹಂಗಾರ ಗುಬ್ಬಿ ನಾ ಅಂತ ಯಾಕ ಹೇಳಿದ್ರಿ?"

"ನೀ ಅಷ್ಟು ಖುಷಿ ಆದಿ. ಆಮ್ಯಾಲೆ ಹೇಳಲಿಕ್ಕೆ ಬಾಯಿ ಬರಲಿಲ್ಲ."

ಸನ್ಮಾನದಲ್ಲಿ ಬಂದ ಹೊಸ ಸ್ಕೆಚ್ ಪುಸ್ತಕವನ್ನು ಇವರ ಮುಂದಿಟ್ಟೆ. "ಈಗ ಕಣ್ಣು ಮುಚ್ಚಿ ನನ್ನ ತಗೀರಿ."

ಇವರು ಕಣ್ಣು ಮುಚ್ಚಿದರು. ಪೆನ್ಸಿಲ್ ಸರಸರ ಓಡಿತು. ಒಂದು ಜಡೆ, ಇನ್ನೊಂದು ಜಡೆ. ಆಮೇಲೆ ಗಕ್ಕನೆ ನಿಂತಿತು. ಇಷ್ಟು ವರ್ಷ ಇವರ ಎದುರೇ ಕೂತು ಹೆಣೆದುಕೊಂಡ ನನ್ನ ಒಂಟಿ ಜಡೆ ಆ ಕೈಗೆ ಗೊತ್ತೇ ಇರಲಿಲ್ಲ.

"ತಡಿ, ಇನ್ನೊಮ್ಮೆ ತಗೀತೀನಿ," ಅಂದರು, ಕಣ್ಣು ಮುಚ್ಚಿಕೊಂಡೇ.

"ತಗೀರಿ," ಅಂದೆ. ಇವರು ಕಣ್ಣು ತೆರೆಯುವ ಮೊದಲೇ ಎದ್ದು ಜಮಖಂಡಿ ಬಸ್ಸಿಗೆ ನಡೆದೆ.