ಡೀಕನ್ ಬಿನ್ಸ್ ದೇವರಿಗೆ ಹೇಳಿದ್ದು

ಜೂನ್ ಹನ್ನೊಂದು, ಮಂಗಳವಾರ ಬೆಳಿಗ್ಗೆ 8.10ಕ್ಕೆ ವೆರೋನಾ ಪ್ಲಮರ್ ಠಾಣೆಗೆ ಬಂದು ದೂರು ಬರೆಸಿದಳು. ಹಿಂದಿನ ಸಂಜೆ ಆರೂವರೆಗೆ ಅವಳೂ ಅವಳ ತಾಯಿಯೂ ಚರ್ಚಿಗೆ ಹೋಗಿದ್ದಾಗ ಯಾರೋ ಅಡುಗೆಮನೆಗೆ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟಿದ್ದರು. ಗೇಟಿನ ಮೇಲೆ ಇದ್ದಿಲಲ್ಲಿ ‘ಚಾಡಿಕೋರಿ’ ಎಂದು ಬರೆದಿತ್ತು. ಜಮೈಕಾದಲ್ಲಿ ಕಳ್ಳನನ್ನಾದರೂ ಊರು ಕ್ಷಮಿಸೀತು, ಚಾಡಿಕೋರರನ್ನು ಕ್ಷಮಿಸುವುದಿಲ್ಲ.

ಇನ್‌ಸ್ಪೆಕ್ಟರ್ ಹಾರ್ಟೆನ್ಸ್ ಮ್ಯಾಟಿಸ್ ಅವಳಿಗೆ ಪುದೀನ ಚಹಾ ಕೊಡಿಸಿ ವಿಷಯ ಕೇಳಿದಳು. ವೆರೋನಾ ಅಕೀ ಹಣ್ಣಿನ ಡಬ್ಬಿ ಕಾರ್ಖಾನೆಯಲ್ಲಿ ತಪಾಸಕಿ. ಅಕೀ ಮರದಲ್ಲೇ ತಾನಾಗಿ ಬಿರಿಯಬೇಕು, ಬಿರಿಯದ್ದು ವಿಷ. ಅಂಥ ಕಾಯನ್ನೇ ಒಡೆದು ತುಂಬುತ್ತಿದ್ದಾರೆಂದು ಶುಕ್ರವಾರ ಅವಳು ಬರೆದುಕೊಟ್ಟಿದ್ದಳು. ಡಬ್ಬಿಗಳು ಗುರುವಾರ ಲಾರಿ ಏರಲಿದ್ದವು. ಯಾವುವು ಕೆಟ್ಟವೆಂದು ಬೊಟ್ಟು ಮಾಡಬಲ್ಲವಳು ಅವಳೊಬ್ಬಳೇ.

“ಕಾಗದ ವಾಪಸ್ ತಗೋತೀನಿ ಮೇಡಂ. ಅಮ್ಮ ಇರೋ ಮನೆ ಅದು.”

“ಯಾರಿಗೆ ಕೊಟ್ಟಿದ್ದೆ?”

“ಡೀಕನ್ ಬಿನ್ಸ್‌ಗೆ. ಕಾನೂನು ಪ್ರಕಾರ ಅವರಿಗೇ ಕೊಡಬೇಕು ಅಂತ ಗೋಡೆ ಮೇಲೆ ಹಾಕಿದ್ರು. ಹೆಸರು ಗುಟ್ಟಾಗಿರುತ್ತೆ ಅಂತಲೂ ಇತ್ತು.”

9.30ಕ್ಕೆ ಪಂಚನಾಮೆ ಮುಗಿಯಿತು. ಸೀಮೆಎಣ್ಣೆಯ ಬಾಟಲಿ ಸಿಕ್ಕಿತು. ನೆರೆಯವರಿಬ್ಬರು ಸಹಿ ಹಾಕಿದರು.

ಹನ್ನೊಂದಕ್ಕೆ ಕಾರ್ಖಾನೆ. ಸಿಬ್ಬಂದಿ ವಿಭಾಗದ ಮುಖ್ಯಸ್ಥನೂ ಚರ್ಚಿನ ಡೀಕನ್ ಅಂದರೆ ಸೇವಾಧಿಕಾರಿಯೂ ಆದ ಲಾಸೆಲ್ಸ್ ಬಿನ್ಸ್ ಬೀರುವಿನ ಬೀಗ ತೆಗೆದು ಲಕೋಟೆ ತೋರಿಸಿದ. ತಾನು ಓದಿ ಅರಗು ಹಾಕಿದ್ದು ಹಾಗೇ ಇತ್ತು. ಹೆಂಡತಿಗೂ ಹೇಳಿಲ್ಲ ಎಂದು ಆಣೆ ಇಟ್ಟ. ಸುಳ್ಳು ಹೇಳುವ ಮುಖವಲ್ಲ ಅದು, ಮ್ಯಾಟಿಸ್‌ಗೆ ತಲೆಬಿಸಿಯಾಯಿತು. ಅಷ್ಟರಲ್ಲಿ ಹಣ್ಣು ತೊಳೆಯುವ ಹೆಂಗಸರನ್ನು ಮಾತಾಡಿಸಲು ಹೋಗಿದ್ದ ಕಾನ್‌ಸ್ಟೇಬಲ್ ಟಲಕ್ ಬಂದು, ಸೋಮವಾರ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಮುಂಚೆ ಎಲ್ಲರೂ ಕೈ ಹಿಡಿದು ನಿಲ್ಲುವ ಪ್ರಾರ್ಥನೆಯ ವಿಷಯ ಕಿವಿಯಲ್ಲಿ ಹೇಳಿದ.

“ಸೋಮವಾರ ಏನಂತ ಬೇಡಿಕೊಂಡ್ರಿ, ಡೀಕನ್?”

“ಸತ್ಯ ಹೇಳಿದ ಆ ಮಗಳಿಗೆ ಧೈರ್ಯ ಕೊಡಪ್ಪಾ ಅಂತ.”

“ಹೆಸರು ಹಿಡಿದು?”

“ನಾನು ಹೇಳಿದ್ದು ದೇವರಿಗೆ.”

“ನಲವತ್ತು ಜನರ ಮುಂದೆ. ಕಾನೂನು ಓದಿದ್ದೀರಾ?”

“ಗೋಡೆಗೆ ಅಂಟಿಸಿದ್ದು ನಾನೇ,” ಎಂದ ಬಿನ್ಸ್. ಗುಟ್ಟು ಬಿಟ್ಟುಕೊಟ್ಟದ್ದೂ ಅಪರಾಧವೇ ಎಂದು ತಿಳಿಸಿ ಮ್ಯಾಟಿಸ್ ಅವನ ಮೇಲೂ ಪ್ರಕರಣ ದಾಖಲಿಸಿದಳು. ಬರೆಯುವಾಗ ಅವಳಿಗೆ ಮರುಕವಾಯಿತು, ಆದರೂ ಬರೆದಳು.

ಹಾಜರಿ ಪುಸ್ತಕದ ಪ್ರಕಾರ ಸೋಮವಾರ ಪ್ರಾರ್ಥನೆಗೆ ಇದ್ದು ಮಂಗಳವಾರ ಗೈರಾಗಿದ್ದವನು ಕಾಯಿ ಆರಿಸುವ ಮೇಜಿನ ಮೇಲ್ವಿಚಾರಕ ಎವರಾಲ್ಡ್ ಗೇಲ್ ಒಬ್ಬನೇ. 1.15ಕ್ಕೆ ಅವನ ಮನೆಗೆ ಹೋದರೆ ಕೈಗೆ ಪಟ್ಟಿ.

“ಜೋಳದ ಗಂಜಿ ಚೆಲ್ತು.”

“ಗಂಜಿ ಹುಬ್ಬನ್ನೂ ಸುಡ್ತಾ, ಗೇಲ್?”

ಅವನು ಬಾಗಿಲು ಎಳೆದುಕೊಂಡು ಹೊರಗೆ ಬಂದ. 1.40ಕ್ಕೆ ಬಂಧನವಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಮೂರು ವರ್ಷದ ಹಿಂದೆ ಅವನೂ ಇದೇ ತಪ್ಪನ್ನು ಮಾಲೀಕನಿಗೆ ಬಾಯಿಮಾತಲ್ಲಿ ಹೇಳಿದ್ದ. ಮರುದಿನವೇ ಬಾಯ್ಲರ್ ಅಂಗಳಕ್ಕೆ ಹಾಕಿದರು. ವರ್ಷವಿಡೀ ಬೂದಿ ಬಾಚಿದ. ತನ್ನನ್ನು ಕಾಯುವ ಕಾನೂನೊಂದಿದೆಯೆಂದು ಆಗ ಯಾರೂ ಅವನಿಗೆ ಹೇಳಿರಲಿಲ್ಲ. “ಮೇಜಿಗೆ ವಾಪಸ್ ತಗೊಂಡ ಮೇಲೆ, ಏನು ಮುಂದಿಟ್ರೂ ಕಾಯಿ ಸರಿ ಇದೆ ಅಂತ ಸಹಿ ಹಾಕಿದೆ,” ಎಂದ. “ಅವಳು ಹೇಳಿದ್ರೆ ಸಿಕ್ಕಿಬೀಳೋದು ನಾನು, ಸಹಿ ಎಲ್ಲಾ ನಂದೇ.”

ನಾಲ್ಕು ಗಂಟೆಗೆ ಮ್ಯಾಟಿಸ್ ಅದನ್ನು ವೆರೋನಾಗೆ ಓದಿ ಹೇಳಿದಳು. ಕಾರ್ಖಾನೆಗೆ ಕೊಟ್ಟ ಕಾಗದ ಉಳಿಸಿಕೊಳ್ಳುವುದು, ಬಿಡುವುದು ಅವಳಿಗೇ ಬಿಟ್ಟದ್ದು ಎಂದಳು.

“ಆ ವರ್ಷ ಊಟಕ್ಕೆ ಅವನ ಜೊತೆ ಯಾರೂ ಕೂರ್ತಿರಲಿಲ್ಲ ಮೇಡಂ,” ಎಂದಳು ವೆರೋನಾ. “ನಾನೂ ಕೂರಲಿಲ್ಲ.”

ಆಮೇಲೆ ಪೆನ್ನು ಕೇಳಿ, ಗುರುವಾರ ಹೋಗಬಾರದ ಡಬ್ಬಿಗಳ ಗುರುತುಗಳನ್ನು ಒಂದೊಂದಾಗಿ ಬರೆದುಕೊಟ್ಟಳು.