ಸೀತೂರು ತಿರುವಿನ ಒಂದೇ ಬೆಳಕು

ತಿಮ್ಮಪ್ಪನವರು ಸಿಕ್ಕಿದ್ದು ಸೀತೂರು ತಿರುವಿನ ಮೋರಿಯೊಳಗೆ, ಸಂಜೆ ಏಳು ಗಂಟೆಗೆ. ತಲೆಗೆ ಪೆಟ್ಟು. ಪ್ರಜ್ಞೆಯಿಲ್ಲ. ಮೇಲೆ ರಸ್ತೆಯಲ್ಲಿ ಅವರ ಟಾರ್ಚು ಅಪ್ಪಚ್ಚಿಯಾಗಿ ಬಿದ್ದಿತ್ತು. ಅದರ ಸುತ್ತಲಿನ ಕೆಸರಿನಲ್ಲಿ ದಪ್ಪ ಹಲ್ಲಿನ ಟೈರಿನ ಗುರುತು.

ಸುತ್ತಮುತ್ತ ಅಂಥ ಟೈರು ಇದ್ದದ್ದು ಒಂದೇ ಗಾಡಿಗೆ—ದಿವ್ಯಳ ಮಣ್ಣುಹಾದಿಯ ರೇಸ್ ಬೈಕಿಗೆ.

ಮರುದಿನ ಬೆಳಿಗ್ಗೆ ಕೊಪ್ಪದ ಆಸ್ಪತ್ರೆಯಲ್ಲಿ ದಿವ್ಯ ಬೆಂಚಿನ ತುದಿಗೆ ಕುಳಿತಿದ್ದಳು. ಒಳಗೆ ತಿಮ್ಮಪ್ಪನವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎದುರಿಗೆ ಅವರ ಹೆಂಡತಿ ಜಲಜಮ್ಮ. ಬಾಗಿಲ ಬಳಿ ಹಾಲಿನ ಪ್ರಶಾಂತ—ಅವರನ್ನು ಮೋರಿಯಲ್ಲಿ ಕಂಡು ಜೀಪು ಕರೆಸಿದವನು.

ದಿವ್ಯಳಿಗೆ ಪೊಲೀಸರ ಭಯ ಅಷ್ಟಿರಲಿಲ್ಲ. ತನ್ನದೇ ಭಯ. ತಿರುವಿನಲ್ಲಿ ಚಕ್ರದಡಿ ಏನೋ ಕಟಕ್ಕೆಂದಿತ್ತು. ಅದು ಟಾರ್ಚೋ, ಅಥವಾ—? ಮುಂದಕ್ಕೆ ಯೋಚಿಸಲು ಧೈರ್ಯ ಬರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಅನ್ನಮ್ಮ ಕ್ಯಾಂಟೀನಿನಿಂದ ಬಂದು, ಚಹಾದ ಲೋಟವನ್ನು ಅವಳ ಕೈಗಿಟ್ಟರು.

"ಮೊದಲು ಕುಡಿ ಮಾರಾಯ್ತಿ. ಕೇಳೋದು ಆಮೇಲೆ."

ಎರಡು ಗುಟುಕು ಇಳಿಯುವವರೆಗೆ ಕಾದರು.

"ರೋಡಿಗೆ ಮಾಡಿದ ಬೈಕಲ್ಲವಂತೆ. ಲೈಟು ಎಲ್ಲಿಂದ ಬಂತು?"

"ನಾನೇ ಹಾಕಿದ್ದು ಮೇಡಂ. ಬೈಕ್ ಹೇರೋಕೆ ಪಿಕಪ್ ಗಾಡಿ ಸಿಗದ ದಿನ ಪ್ರ್ಯಾಕ್ಟೀಸಿಂದ ಅದರಲ್ಲೇ ಮನೆಗೆ ಬರ್ತೀನಿ. ಎಲ್‌ಇಡಿ ಲೈಟು, ಸೀಟಿನಡಿ ಸಣ್ಣ ಬ್ಯಾಟರಿ."

"ಬ್ಯಾಟರಿ ಚಾರ್ಜು?"

"ಮನೇಲಿ ಪ್ಲಗ್ಗಿಗೆ ಹಾಕಬೇಕು. ಇಂಜಿನ್ ಓಡಿದ್ರೂ ಚಾರ್ಜ್ ಆಗಲ್ಲ. ರೇಸ್ ಬೈಕಲ್ಲಿ ಆ ಏರ್ಪಾಡೇ ಇಲ್ಲ."

"ನಿನ್ನೆ ತಿರುವಲ್ಲಿ ಲೈಟು ಉರೀತಿತ್ತಾ?"

ದಿವ್ಯ ಲೋಟವನ್ನು ಬೆಂಚಿನ ಮೇಲಿಟ್ಟಳು. "ಉರೀತಿತ್ತು."

"ಉರಿಯದೆ ಮತ್ತೆ?" ಎಂದ ಪ್ರಶಾಂತ. "ಮೊಪೆಡ್ಡಲ್ಲಿ ನಾನು ಎದುರಿಂದ ಬರ್ತಿದ್ದೆ. ಅವಳ ಬಿಳೀ ಲೈಟು ಕಣ್ಣಿಗೇ ಹೊಡೀತು."

"ನಿನ್ನ ಲೈಟು ಹಾಕಿದ್ಯಾ?"

"ಕತ್ತಲೇಲಿ ಹಾಲಿನ ಕ್ಯಾನು ಹೇರ್ಕೊಂಡು ಲೈಟಿಲ್ಲದೆ ಬರೋಕೆ ನಾನೇನು ಗೂಬೆಯಾ ಮೇಡಂ?"

ಅನ್ನಮ್ಮ ನಗಲಿಲ್ಲ. ಜಲಜಮ್ಮನ ಪಕ್ಕಕ್ಕೆ ಹೋಗಿ ಕುಳಿತರು.

"ನಿಮ್ಮ ಮನೆ ತಿರುವಿನ ಮೇಲೇ ಅಲ್ವಾ ಅಮ್ಮ? ಎಂತ ಕಂಡಿತು?"

"ಇವರ ಟಾರ್ಚು ಬಿಟ್ರೆ ಒಂದೇ ಲೈಟು. ಗಾಡಿ ಗುರ್ ಅಂದಾಗ ಜೋರಾಗೋದು, ನಿಧಾನ ಆದಾಗ ಮಂಕಾಗೋದು. ಧಡ್ ಅಂತ ಸದ್ದಾಯ್ತು, ಕೊಂಬೆ ಬಿತ್ತು ಅಂದ್ಕೊಂಡೆ. ಆ ಲೈಟು ಅಲ್ಲೇ ನಿಂತು ಹಣತೆ ಹಾಗಾಯ್ತು. ಮತ್ತೆ ಜೋರಾಗಿ ಹೊರಟು ಹೋಯ್ತು."

"ಆಮೇಲೆ?"

"ಇನ್ನೊಂದು ಗಾಡಿ ಹೋಯ್ತು. ದೊಡ್ಡ ಸದ್ದು. ಲೈಟು ಕಾಣಲಿಲ್ಲ. ಆಮೇಲೆ ಪ್ರಶಾಂತ ಬಂದು ಕರೆದ."

"ಮಂಜಲ್ಲಿ ಅವರು ರಸ್ತೆಗೆ ಯಾಕೆ ಹೋದ್ರು?"

ಜಲಜಮ್ಮ ದಿವ್ಯಳತ್ತ ತಿರುಗಿದರು.

"ಈ ಕೂಸಿಗೋಸ್ಕರ. ನಮ್ಮ ತಿರುವು ಮುಟ್ಟೋ ಹೊತ್ತಿಗೆ ಇವಳ ಲೈಟು ಸಾಯ್ತಾ ಇರ್ತದೆ ಅಂತ. ಮೋರಿಗೆ ಕಟ್ಟೆ ಇಲ್ಲ ನೋಡಿ. ಸದ್ದು ಕೇಳಿದ ಕೂಡ್ಲೆ ಟಾರ್ಚು ಹಿಡಿದು ಓಡೋರು."

ತಿಮ್ಮಪ್ಪಜ್ಜ ಗಾಳಿಗೆಂದು ಅಲ್ಲಿ ನಿಲ್ಲುತ್ತಾರೆಂದೇ ದಿವ್ಯ ತಿಳಿದಿದ್ದಳು. ಪ್ರತಿ ಸಲವೂ ಕೈಯೆತ್ತಿ ದಾಟಿ ಹೋಗುತ್ತಿದ್ದಳು.

"ಲೈಟು ಉರೀತಿರಲಿಲ್ಲ ಮೇಡಂ," ಎಂದಳು. "ಮಂಜು ಬೇಗ ಇಳೀತು, ಹೊರಡುವಾಗಲೇ ಲೈಟು ಹಾಕಿದ್ದೆ. ತಿರುವಿಗೆ ಎರಡು ಕಿಲೋಮೀಟರ್ ಇರುವಾಗಲೇ ಆರಿತು. ಕತ್ತಲೇಲೇ ಬಂದೆ. ಚಕ್ರಕ್ಕೆ ಏನೋ ಸಿಕ್ಕಿತು. ಬಹುಶಃ ನಾನೇ—"

"ಒಪ್ಕೊಂಡ್ಲಲ್ಲ," ಎಂದ ಪ್ರಶಾಂತ.

"ಒಪ್ಕೊಂಡ್ಲು," ಎಂದರು ಅನ್ನಮ್ಮ. "ಆರಿದ ಲೈಟು ನಿನ್ನ ಕಣ್ಣಿಗೆ ಹೇಗೆ ಹೊಡೀತು ಪ್ರಶಾಂತ?"

ಅವನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಅವಳದು ಸುಳ್ಳೇ ಅಂತಿಟ್ಕೊ. ನೀವಿಬ್ಬರೂ ಲೈಟು ಹಾಕಿ ಎದುರುಬದುರು ಬಂದಿದ್ರೆ ಜಲಜಮ್ಮನಿಗೆ ಎರಡು ಕಾಣಬೇಕಿತ್ತು. ಕಂಡದ್ದು ಒಂದು. ಅದೂ ಏರಿಳಿಯೋ ಬೆಳಕು. ಇವಳದು ಬ್ಯಾಟರಿ ಲೈಟು—ಇಂಜಿನ್ ಕೂಗಿದ್ರೂ ಅಷ್ಟೇ, ಸುಮ್ಮನಾದ್ರೂ ಅಷ್ಟೇ. ನಮ್ಮಪ್ಪನ ಸೈಕಲ್ಲಿಗೆ ಡೈನಮೊ ಇತ್ತು. ತುಳಿದಷ್ಟು ಬೆಳಕು. ನಿನ್ನ ಹಳೇ ಮೊಪೆಡ್ಡೂ ಹಾಗೇ. ಈಗ ಬೆಳಿಗ್ಗೆ ನೀನು ಮಂಜಲ್ಲಿ ಬಂದು ಆಸ್ಪತ್ರೆ ಗೇಟಲ್ಲಿ ನಿಧಾನ ಮಾಡಿದಾಗ ನೋಡಿದೆ. ಹಣತೆ ಹಾಗೆ."

ಅನ್ನಮ್ಮ ಎದ್ದು ಅವನೆದುರು ನಿಂತರು.

"ಹೊಡೆದವನು ನೀನು. ನಿಂತು ನೋಡಿದೆ, ಹೊರಟು ಹೋದೆ. ಆಮೇಲೆ ಇವಳು ಬಿದ್ದಿದ್ದ ಟಾರ್ಚಿನ ಮೇಲೆ ಹಾದು ಹೋದ್ಲು. ವಾಪಸ್ ಬಂದಾಗ ಆ ಟೈರಿನ ಗುರುತು ನಿನ್ನ ಕಣ್ಣಿಗೆ ಬಿತ್ತು, ತಪ್ಪು ಅವಳ ಮೇಲೆ ಹೊರಿಸಿದೆ."

ಪ್ರಶಾಂತ ಗೋಡೆಗೊರಗಿ ನೆಲದ ಮೇಲೆ ಕುಳಿತ. "ಮಂಜಲ್ಲಿ ಕಾಣಲೇ ಇಲ್ಲ ಮೇಡಂ. ಸತ್ತೇ ಹೋದ್ರು ಅಂತ ಹೆದರಿ ಓಡಿದೆ. ಆದ್ರೆ ಹಾಗೇ ಬಿಟ್ಟು ಹೋಗೋಕೆ ಆಗಲಿಲ್ಲ."

"ವಾಪಸ್ ಬಂದದ್ದನ್ನೂ ಬರೀತೀನಿ," ಎಂದರು ಅನ್ನಮ್ಮ. "ಏಳು."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. "ಕಣ್ಣು ಬಿಟ್ರು. ಎಂತದೋ ಕೇಳ್ತಿದಾರೆ, ನಮಗೆ ತಿಳೀತಿಲ್ಲ."

ಜಲಜಮ್ಮ ಎದ್ದರು. ದಿವ್ಯ ಕುಳಿತಲ್ಲೇ ಇದ್ದಳು. ಜಲಜಮ್ಮ ಅವಳ ಮಣಿಕಟ್ಟು ಹಿಡಿದು ಎಬ್ಬಿಸಿ, ಒಳಗೆ ಕರೆದುಕೊಂಡು ಹೋದರು.

ತಿಮ್ಮಪ್ಪನವರ ತುಟಿ ಅಲುಗುತ್ತಿತ್ತು. ಜಲಜಮ್ಮ ಬಾಗಿ ಕಿವಿಗೊಟ್ಟರು.

"ಕೂಸು ಮೋರಿ ದಾಟಿತಾ?"